ಓದಿಸಿ ಕೇಳಿ ಒಪ್ಪಿ

ಹಳೆಯ ಕ್ರಯಪತ್ರಗಳ ಕಟ್ಟು ಬಿಚ್ಚಿ ಒಂದೊಂದರ ಕೊನೆಯ ಪುಟವನ್ನು ನೋಡುತ್ತ ಹೋದರೆ, ಊರು ಬೇರೆ, ಕಾಲ ಬೇರೆ, ಕೈಬರಹ ಬೇರೆ. ಕೊನೆಯ ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಬರೆದುಕೊಟ್ಟವರು ಪತ್ರವನ್ನು ಓದಿಸಿ ಕೇಳಿ, ಅರ್ಥ ತಿಳಿದು, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಒಪ್ಪಿ ರುಜು ಹಾಕಿದ್ದಾರೆ ಎಂಬ ಧಾಟಿಯ ಮಾತು ಅದು. ಅದರ ಕೆಳಗೆ ರುಜು, ಇಲ್ಲವೆ ಎಡಗೈ ಹೆಬ್ಬೆಟ್ಟಿನ ಗುರುತು. ಮಗ್ಗುಲಲ್ಲಿ ಸಾಕ್ಷಿಗಳ ಹೆಸರು. ಕಟ್ಟಕಡೆಗೆ ‘ಬಿಕ್ಕಲಂ’ ಎಂದು ಹಾಕಿ ಪತ್ರ ಬರೆದವನ ಅಂಕಿತ. ಈ ಒಕ್ಕಣೆ ಹೇಳುತ್ತಿರುವುದು ಒಂದು ಘಟನೆಯನ್ನು: ಯಾರೋ ಓದಿದರು, ಇನ್ನೊಬ್ಬರು ಕೇಳಿದರು, ಕೇಳಿದವರಿಗೆ ಅರ್ಥವಾಯಿತು. ಆ ಘಟನೆ ನಿಜವಾಗಿ ನಡೆಯಿತೋ ಇಲ್ಲವೋ ಎಂಬುದನ್ನು ಪತ್ರ ಹೇಳಲಾರದು, ಏಕೆಂದರೆ ಓದುವುದಕ್ಕೆ ಮೊದಲೇ ಆ ಸಾಲನ್ನೂ ಬರೆದು ಮುಗಿಸಿರುತ್ತಾರೆ. ಈ ಒಂದು ಸಾಲಿನ ಹಿಂದೆ ನಮ್ಮ ಜಮೀನು ವ್ಯವಹಾರದ ದೊಡ್ಡದೊಂದು ಇತಿಹಾಸವಿದೆ ಎಂಬುದು ನನ್ನ ವಾದ. ಓದಿ ಹೇಳುವುದು ಒಂದು ಕಾಲಕ್ಕೆ ಪತ್ರ ಮಾಡುವ ಕೆಲಸದ ಒಳಗೇ ಇತ್ತು. ಹತ್ತೊಂಬತ್ತನೇ ಶತಮಾನದ ಕಾನೂನು ಕೆಲಸವನ್ನು ಕೈಬಿಟ್ಟು ಸಾಲನ್ನು ಉಳಿಸಿಕೊಂಡಿತು. ಅಲ್ಲಿಂದೀಚೆಗೆ ಬಂದ ಸುಧಾರಣೆಯ ಕಾಯ್ದೆಗಳಲ್ಲಿ ಅನೇಕವು ಆ ಕೆಲಸವನ್ನು ಯಾರ ತಲೆಗೆ ಕಟ್ಟುವುದು ಎಂದು ತಡವಾಗಿ ಹುಡುಕಿದವು.

ಮೊದಲು ಕಲ್ಯಾಣಕ್ಕೆ ಹೋಗೋಣ. ಇಂದಿನ ಬಸವಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದಾಗ, ಅಂದರೆ 1076ರಿಂದ 1126ರವರೆಗಿನ ಅವನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗನಿಗೆ ಪಾಲಿದೆ ಎಂಬ ವಿಚಾರಕ್ಕಾಗಿ ವಕೀಲರೆಲ್ಲ ಬಲ್ಲ ಗ್ರಂಥ ಇದು. ಆದರೆ ಪತ್ರ ಬರೆಯುವ ಕ್ರಮದ ಬಗ್ಗೆಯೂ ಅದರಲ್ಲಿ ಒಂದು ಪ್ರಕರಣವಿದೆ. ಪತ್ರ ಮುಗಿದ ಮೇಲೆ ಸಾಲಗಾರ ಮೇಲೆ ಬರೆದದ್ದು ತನಗೆ ಒಪ್ಪಿಗೆಯೆಂದು ತಂದೆಯ ಹೆಸರಿನೊಡನೆ ತನ್ನ ಕೈಯಾರೆ ಬರೆಯಬೇಕು. ಸಾಕ್ಷಿಗಳೂ ತಮ್ಮ ತಂದೆಯ ಹೆಸರು ಸೇರಿಸಿ ತಾವೇ ಬರೆಯಬೇಕು. ಕೊನೆಗೆ ಬರಹಗಾರ, ಇಬ್ಬರೂ ಕೇಳಿಕೊಂಡಿದ್ದರಿಂದ ನಾನು ಬರೆದೆ ಎಂದು ಮುಗಿಸಬೇಕು. ಅಕ್ಷರ ಬಾರದವನಿದ್ದರೆ ಅವನ ಒಪ್ಪಿಗೆಯನ್ನು ಮತ್ತೊಬ್ಬನಿಂದ ಬರೆಸಬೇಕು; ಅಕ್ಷರ ಬಾರದ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿ, ಅದೂ ಉಳಿದ ಸಾಕ್ಷಿಗಳೆಲ್ಲರ ಎದುರಿಗೆ, ಬರೆಯಬೇಕು. ಇಲ್ಲಿ ಗಮನಿಸಬೇಕಾದ್ದು ಬರಹಗಾರನ ಸ್ಥಾನ. ಅವನು ಒಬ್ಬರ ಕಡೆಯವನಲ್ಲ, ಉಭಯರೂ ಕೇಳಿಕೊಂಡವನು. ಬಲವಂತದಿಂದಲೋ ಮೋಸದಿಂದಲೋ ಬರೆಸಿಕೊಂಡದ್ದು ಸ್ವಹಸ್ತದ ಬರಹವಾದರೂ ಸಲ್ಲದು ಎಂಬ ಮಾತೂ ಅಲ್ಲೇ ಇದೆ.

ಇದಕ್ಕಿಂತ ಸ್ವಾರಸ್ಯವಾದದ್ದು ಭೂಮಿಯ ವರ್ಗಾವಣೆಯ ಬಗ್ಗೆ ವಿಜ್ಞಾನೇಶ್ವರ ಎತ್ತಿಕೊಳ್ಳುವ ಒಂದು ಹಳೆಯ ವಚನ. ಭೂಮಿ ಕೈಬದಲಾಗುವುದು ಆರರಿಂದ: ಊರಿನ, ಜ್ಞಾತಿಗಳ, ನೆರೆಹೊಲದವರ, ದಾಯಾದಿಗಳ ಅನುಮತಿ, ಮತ್ತೆ ಹೊನ್ನು, ನೀರು. ಓದಿದ ಕೂಡಲೇ ಇದು ವ್ಯಕ್ತಿಗೆ ಮಾರುವ ಸ್ವಾತಂತ್ರ್ಯವೇ ಇಲ್ಲದ ಕಾಲದ ಕಟ್ಟಳೆ ಎನಿಸುತ್ತದೆ. ಆದರೆ ವಿಜ್ಞಾನೇಶ್ವರ ಕೊಡುವ ವಿವರಣೆ ಬೇರೆ. ಊರಿನವರ ಒಪ್ಪಿಗೆ ಇಲ್ಲದಿದ್ದರೆ ವ್ಯವಹಾರ ಕೆಟ್ಟಿತು ಎಂದಲ್ಲ. ವ್ಯವಹಾರ ಬಯಲಿಗೆ ಬೀಳಲಿ ಎಂದು ಊರಿನವರು ಬೇಕು. ನೆರೆಹೊಲದವರು ಬೇಕಾಗಿರುವುದು ಮುಂದೆ ಎಲ್ಲೆಯ ಜಗಳ ಬಾರದಿರಲಿ ಎಂದು. ಅಂದರೆ ಹನ್ನೆರಡನೇ ಶತಮಾನದ ಹೊತ್ತಿಗೇ ಕನ್ನಡ ನಾಡಿನ ಈ ನ್ಯಾಯಶಾಸ್ತ್ರಿ ಒಪ್ಪಿಗೆಯನ್ನೂ ತಿಳಿವಳಿಕೆಯನ್ನೂ ಬೇರ್ಪಡಿಸಿ ನೋಡಿದ್ದ. ಮಾರುವವನ ಹಕ್ಕು ಮಾರುವವನದೇ, ಆದರೆ ಏನು ಮಾರುತ್ತಿದ್ದಾನೆಂಬುದು ಅವನ ಸುತ್ತಲಿನವರ ಕಿವಿಗೆ ಬೀಳಬೇಕು. ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಕುಳಿತು ಮಾಡಿದ ಪತ್ರಕ್ಕೆ ಅವನ ದೃಷ್ಟಿಯಲ್ಲಿ ಕಸುವು ಕಡಿಮೆ.

ಶಾಸ್ತ್ರದಲ್ಲಿ ಹೇಳಿದ್ದು ಊರಿನಲ್ಲಿ ನಡೆಯುತ್ತಿತ್ತೇ ಎಂದು ಕೇಳುವವರಿಗೆ ಶಾಸನಗಳು ಉತ್ತರ ಕೊಡುತ್ತವೆ. ನಮ್ಮ ತಾಮ್ರಪಟಗಳಲ್ಲಿ ಅರಸನ ವಂಶದ ಹೊಗಳಿಕೆ, ದಾನದ ಪುಣ್ಯ, ದಾನ ಕೆಡಿಸಿದವನಿಗೆ ಶಾಪ, ಇವೆಲ್ಲ ಸಂಸ್ಕೃತದಲ್ಲಿ ಹರಿಯುತ್ತವೆ. ಭೂಮಿಯ ಎಲ್ಲೆ ಹೇಳುವ ಜಾಗ ಬಂತೋ, ಎಷ್ಟೋ ಪಟಗಳಲ್ಲಿ ಭಾಷೆ ಥಟ್ಟನೆ ಕನ್ನಡಕ್ಕೆ ಹೊರಳುತ್ತದೆ. ಮೂಡಲಿಗೆ ಇಂಥ ಕೆರೆಯ ಕೋಡಿ, ತೆಂಕಲಿಗೆ ಇಂಥ ಹುಣಸೆಮರ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಹಳ್ಳ ಎನ್ನುವ ರೀತಿ. ಸಂಸ್ಕೃತ ಬಲ್ಲ ಕವಿಗೆ ಹುಣಸೆಮರಕ್ಕೆ ಸಂಸ್ಕೃತದ ಪದ ಸಿಗದೆ ಹೋಯಿತೆಂದಲ್ಲ. ಆ ಭಾಗವನ್ನು ಅರ್ಥ ಮಾಡಿಕೊಳ್ಳಬೇಕಾದವರು ಹೊಲದ ಬದುವಿನ ಮೇಲೆ ನಿಲ್ಲುವವರು, ಅದಕ್ಕೆ. ವಿಜಯನಗರದ ಸಂಗಮ ಅರಸರ ಪಟಗಳು ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರಗಳಲ್ಲಿ. ಕೈಗೆ ಬರುವ ಹಕ್ಕುಗಳನ್ನು ಅವು ಎಣಿಸಿ ಹೇಳುತ್ತವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಲ್ಲಿ ಹೂತಿರುವ ಹೊನ್ನು ಸಿಕ್ಕರೆ ಯಾರದು, ಬಾವಿಯ ನೀರು ಯಾರದು, ಕಲ್ಲು ಒಡೆದರೆ ಯಾರದು, ಈಗ ಬರುವ ಹುಟ್ಟುವಳಿ ಯಾರದು, ನಾಳೆ ಆಗಬಹುದಾದದ್ದು ಯಾರದು. ಎಂಟೇ ಮಾತಿನಲ್ಲಿ ಮುಗಿದು, ಬಾಯಿಪಾಠವಾಗಿ ಉಳಿಯುವಂಥ ಈ ಪಟ್ಟಿಯನ್ನು ಇಂದಿನ ಬಿಲ್ಡರ್ ಕರಾರಿನ ‘ಹಕ್ಕು ಮತ್ತು ಹೊಣೆ’ ಎಂಬ ಅಧ್ಯಾಯದ ಪಕ್ಕದಲ್ಲಿಟ್ಟರೆ, ಯಾವುದು ಕೇಳುವವರಿಗಾಗಿ ಬರೆದದ್ದು ಎಂದು ಕೂಡಲೇ ಗೊತ್ತಾಗುತ್ತದೆ.

ಈ ಚಿತ್ರವನ್ನು ಚೆಂದಗಾಣಿಸಿ ನೋಡುವುದು ಸುಲಭ, ಮತ್ತು ತಪ್ಪು. ಊರ ಮುಂದೆ ಓದುವುದೆಂದರೆ ಗಾವುಂಡರ, ಮಹಾಜನರ, ಸೆಟ್ಟಿಗಳ ಮುಂದೆ ಓದುವುದು. ಆ ಸಭೆಯಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತಿತ್ತು, ಊರ ಹೊರಗಿನ ಕೇರಿಯವರಿಗೆ ಕುಳಿತುಕೊಳ್ಳಲು ಜಾಗವಿತ್ತೇ ಎಂದು ಕೇಳಿದರೆ ಉತ್ತರ ನಾಚಿಕೆಯದು. ಬರವಣಿಗೆಯೂ ಕೆಲವೇ ಮನೆಗಳ ಗುತ್ತಿಗೆ. ಸೇನಬೋವರಿಂದ ಶಾನುಭೋಗರವರೆಗೆ ಲೆಕ್ಕ ಬರೆಯುವ ಕೈ ವಂಶಪಾರಂಪರ್ಯದ್ದು. ಇದ್ದಿಲಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತ ಶಾನುಭೋಗರ ಮನೆಯಲ್ಲೇ ಇರುತ್ತಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬಳಪದ ಅಕ್ಷರ ಒರೆಸಿದರೆ ಹೋಗುತ್ತದೆ. ಒರೆಸಬಲ್ಲ ಅಧಿಕಾರ ಯಾರಿಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಳೆಯ ಪದ್ಧತಿ ನ್ಯಾಯವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೇಳುವವರ ಗುಂಪು ಸಣ್ಣದಿತ್ತು, ಪಕ್ಷಪಾತಿಯಾಗಿತ್ತು. ಆದರೆ ಕೇಳಿಸುವುದು ಪತ್ರದ ಅಂಗ ಎಂಬ ಕಲ್ಪನೆ ಇತ್ತು. ಅನ್ಯಾಯ ಸರಿಪಡಿಸಬೇಕಾದರೆ ಕೇಳುವವರ ಗುಂಪನ್ನು ಹಿಗ್ಗಿಸಬೇಕಿತ್ತು. ನಡೆದದ್ದು ಬೇರೆಯೇ.

1864ರಲ್ಲಿ ಬ್ರಿಟಿಷ್ ಭಾರತಕ್ಕೆ ದಸ್ತಾವೇಜು ನೋಂದಣಿಯ ಕಾಯ್ದೆ ಬಂತು. ಅದನ್ನೇ ತಿದ್ದುತ್ತ, ಬದಲಿಸುತ್ತ 1908ರ ನೋಂದಣಿ ಕಾಯ್ದೆಯವರೆಗೆ ಬಂದೆವು. ಇಂದಿಗೂ ಕ್ರಯಪತ್ರ ನೋಂದಣಿಯಾಗುವುದು ಅದರ ಅಡಿಯಲ್ಲೇ. ಕಾಯ್ದೆ ಒಂದು ನಿಜವಾದ ರೋಗಕ್ಕೆ ಮದ್ದಾಗಿತ್ತು. ಒಂದೇ ಹೊಲವನ್ನು ಇಬ್ಬರಿಗೆ ಮಾರುವುದು, ಹಿಂದಿನ ತಾರೀಖು ಹಾಕಿ ಪತ್ರ ಸೃಷ್ಟಿಸುವುದು, ಸತ್ತವನ ರುಜು ಹಾಕಿಸುವುದು, ಇವಕ್ಕೆಲ್ಲ ಸರ್ಕಾರಿ ಪುಸ್ತಕದಲ್ಲಿ ನಕಲಿರುವುದು ದೊಡ್ಡ ತಡೆ. ಇಂದು ನಾವು ಋಣಭಾರ ಪತ್ರ ತೆಗೆಸಿ ಹಿಂದಿನ ವ್ಯವಹಾರ ನೋಡಬಲ್ಲೆವಾದರೆ ಅದು ಈ ಪುಸ್ತಕಗಳ ಪುಣ್ಯ. ಊರಿನ ನೆನಪನ್ನು ಕಚೇರಿಯ ಕಪಾಟಿಗೆ ಸಾಗಿಸಿದ್ದು ಲಾಭವೇ. ಆದರೆ ಸಾಗಿಸುವಾಗ ಏನು ಬಿದ್ದುಹೋಯಿತೆಂದು ನೋಡಬೇಕು. ಪತ್ರ ಹಾಜರಾದಾಗ ನೋಂದಣಾಧಿಕಾರಿ ವಿಚಾರಿಸಬೇಕಾದ್ದನ್ನು ಕಾಯ್ದೆಯ 34 ಮತ್ತು 35ನೇ ಕಲಮುಗಳು ಹೇಳುತ್ತವೆ: ಬರೆದುಕೊಟ್ಟೆವೆಂದು ಪತ್ರದಲ್ಲಿರುವವರೇ ಬರೆದುಕೊಟ್ಟರೇ, ಎದುರಿಗೆ ನಿಂತವರು ಅವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೇ. ಒಪ್ಪಿದರೆ ನೋಂದಣಿ. ಪತ್ರದಲ್ಲಿ ಏನಿದೆ ಎಂದು ನಿಮಗೆ ಗೊತ್ತೇ ಎಂಬ ಪ್ರಶ್ನೆ ಆ ಕಲಮುಗಳಲ್ಲಿ ಇಲ್ಲ. 19ನೇ ಕಲಮಂತೂ ಓದಿದವರಿಗೆ ನಗು ತರಿಸಬೇಕು. ಪತ್ರ ನೋಂದಣಾಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿದ್ದರೆ, ಬಳಕೆಯ ಭಾಷೆಯ ಅನುವಾದ ಜೊತೆಗಿರಬೇಕು. ಇಲ್ಲದಿದ್ದರೆ ನೋಂದಣಿ ನಿರಾಕರಿಸಬೇಕು. ಅಧಿಕಾರಿಗೆ ಅರ್ಥವಾಗದಿದ್ದರೆ ಅನುವಾದ ಬೇಕು. ಹೊಲ ಕಳೆದುಕೊಳ್ಳುತ್ತಿರುವವನಿಗೆ ಅರ್ಥವಾಗದಿದ್ದರೆ? ಅದನ್ನು ಕಾಯ್ದೆ ಕೇಳಲಿಲ್ಲ.

ಇಲ್ಲಿ ಒಬ್ಬ ವಕೀಲರು ಎದ್ದು ನಿಂತು, ಕಾಯ್ದೆಯಲ್ಲಿಲ್ಲದಿದ್ದರೇನು, ನಿಯಮಗಳಲ್ಲಿದೆ ಎನ್ನಬಹುದು. ನಿಜ. ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತ್ಯದ ಕಡೆ ಬೆಳೆದುಬಂದ ನೋಂದಣಿ ನಿಯಮಗಳಲ್ಲಿ, ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಬೇಕು, ಬೇಕಾದರೆ ವಿವರಿಸಬೇಕು, ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂಬ ಮಾತಿದೆ. ಆದರೆ ಅದೇ ಬಗೆಯ ನಿಯಮಾವಳಿಗಳು ಪತ್ರದ ಸಿಂಧುತ್ವವನ್ನು ವಿಚಾರಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ ಎಂದೂ ಹೇಳುತ್ತವೆ. 1911ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಓದಲು ಬಾರದವರಿಗೆಲ್ಲ ಪತ್ರವನ್ನು ಪೂರ್ತಿ ಓದಿ ವಿವರಿಸುವುದೆಂದರೆ ಬಂದವರಲ್ಲಿ ಹೆಚ್ಚಿನವರಿಗೆಲ್ಲ ಓದುವುದು. ಕಚೇರಿಗೆ ಅಷ್ಟು ಪುರುಸೊತ್ತಿರಲು ಸಾಧ್ಯವಿರಲಿಲ್ಲ. ಆಗ ಆ ಕೊನೆಯ ಒಕ್ಕಣೆ ಉಪಯೋಗಕ್ಕೆ ಬಂತು. ಓದಿಸಿ ಕೇಳಿದ್ದೇನೆ ಎಂದು ಪತ್ರವೇ ಹೇಳುತ್ತಿರುವಾಗ ಮತ್ತೆ ಓದುವುದೇಕೆ? ಒಂದು ಕೆಲಸ ನಡೆದದ್ದಕ್ಕೆ ಸಾಕ್ಷಿಯಾಗಿ ಹುಟ್ಟಿದ ಸಾಲು ಆ ಕೆಲಸದ ಜಾಗವನ್ನೇ ಹಿಡಿದು ಕುಳಿತಿತು.

ಇದರ ಜೊತೆಗೆ 1872ರಲ್ಲಿ ಎರಡು ಕಾಯ್ದೆಗಳು ಒಟ್ಟಿಗೆ ಬಂದವು, ಎರಡೂ ಎರಡು ದಿಕ್ಕಿಗೆ ಮುಖ ಮಾಡಿ. ಕರಾರು ಕಾಯ್ದೆಯ 13ನೇ ಕಲಮಿನಂತೆ ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ವಿಜ್ಞಾನೇಶ್ವರನೂ ತಲೆದೂಗುವ ಮಾತು. ಸಾಕ್ಷ್ಯ ಕಾಯ್ದೆಯ 92ನೇ ಕಲಮಾದರೋ, ಪತ್ರವಾದ ಮೇಲೆ ಅದರ ಷರತ್ತಿಗೆ ವಿರುದ್ಧವಾದ ಬಾಯಿಮಾತಿನ ಸಾಕ್ಷ್ಯ ನಡೆಯದು ಎಂದಿತು. ಮೋಸ, ಬೆದರಿಕೆಯಂಥ ಕೆಲವನ್ನು ಸಾಬೀತುಪಡಿಸಲು ಬಾಗಿಲು ಬಿಟ್ಟಿತು. ಸಾಲಕ್ಕೆ ಹೊಲವನ್ನು ಆಧಾರವಿಟ್ಟೆ ಎಂದುಕೊಂಡು ರೈತ ಹೆಬ್ಬೆಟ್ಟು ಒತ್ತಿರುತ್ತಾನೆ. ಪತ್ರದಲ್ಲಿ ಶುದ್ಧ ಕ್ರಯ ಎಂದಿರುತ್ತದೆ. ಹಣ ಕೊಟ್ಟ ದಿನ ಹಿಂದಿರುಗಿಸುತ್ತೇನೆ ಎಂಬ ಸಾಹುಕಾರನ ಮಾತು ಬಾಯಲ್ಲೇ ಉಳಿದಿರುತ್ತದೆ. ನ್ಯಾಯಾಲಯಕ್ಕೆ ಹೋದರೆ ಕಾಗದ ಗೆಲ್ಲುತ್ತದೆ. ಹಿಂದೆ ಊರಿನ ಹತ್ತು ಜನ ಕೇಳಿಸಿಕೊಂಡಿದ್ದ ಮಾತಿಗೆ ಈಗ ಕಿವಿಯೇ ಇಲ್ಲ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ಹೊತ್ತಿಕೊಂಡು ಅಹಮದನಗರದ ಕಡೆಗೂ ಹಬ್ಬಿದ ದಂಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದಖ್ಖನಿನ ದಂಗೆಯೆಂದು ಹೆಸರಾದ ಅದರಲ್ಲಿ ರೈತರು ಹೆಚ್ಚಾಗಿ ಹುಡುಕಿದ್ದು ಸಾಹುಕಾರರ ಪತ್ರಗಳನ್ನು. ಕೊಟ್ಟ ಕಡೆ ಸುಮ್ಮನಾದರು, ಕೊಡದ ಕಡೆ ಕೈಮಾಡಿದರು, ಸಿಕ್ಕ ಕಾಗದಕ್ಕೆ ಬೆಂಕಿಯಿಟ್ಟರು. ಹತ್ತಿಯ ಬೆಲೆ ಇಳಿದದ್ದು, ಕಂದಾಯ ಏರಿದ್ದು ಕಾರಣಗಳಾಗಿ ಇತಿಹಾಸದ ಪುಸ್ತಕಗಳಲ್ಲಿವೆ, ಅವು ಸರಿಯೂ ಹೌದು. ಆದರೆ ಬೆಲೆ ಇಳಿದದ್ದಕ್ಕೆ ಕಾಗದವನ್ನೇ ಏಕೆ ಸುಡಬೇಕು? ತಾವು ಏನಕ್ಕೆ ಒಪ್ಪಿದ್ದೇವೆಂದು ತಮಗೇ ತಿಳಿಯದ ಬರಹ ತಮ್ಮನ್ನು ಕಟ್ಟಿಹಾಕಿದೆ ಎಂಬುದು ಅವರಿಗೆ ಗೊತ್ತಿತ್ತು. ಸರ್ಕಾರಕ್ಕೂ ಗೊತ್ತಾಯಿತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯಲ್ಲಿ ಸಾಲ, ಬಡ್ಡಿಗಳ ಕಲಮುಗಳ ನಡುವೆ ಗ್ರಾಮ ರಿಜಿಸ್ಟ್ರಾರ್ ಎಂಬ ಹೊಸ ಹುದ್ದೆ ಹುಟ್ಟಿತು. ರೈತ ಬರೆದುಕೊಡುವ ಪತ್ರವನ್ನು ಆ ರಿಜಿಸ್ಟ್ರಾರ್ ತಾನೇ ಬರೆಯಬೇಕು, ಇಲ್ಲವೆ ತನ್ನ ಕಣ್ಣೆದುರು ಬರೆಸಬೇಕು. ಬರೆದದ್ದನ್ನು ಇಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು ಅಥವಾ ಓದಿಸಬೇಕು. ಆಮೇಲೆ ರುಜು. ಹೀಗೆ ನಡೆಯದ ಪತ್ರಕ್ಕೆ ಬೆಲೆಯಿಲ್ಲ. ಹದಿನೈದೇ ವರ್ಷದ ಹಿಂದೆ ತಾನೇ ಬಿಟ್ಟುಹಾಕಿದ್ದ ಕೆಲಸವನ್ನು ಕಾನೂನು ವಾಪಸು ತಂದುಕೊಂಡಿತು.

ಕಾಯ್ದೆ ಮೊದಲು ಬಂದದ್ದು ಪುಣೆ, ಸತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ. ಅದರ ಹಲವು ಭಾಗಗಳು ಮುಂದೆ ಬೆಳಗಾವಿ, ಬಿಜಾಪುರ, ಧಾರವಾಡಗಳಿದ್ದ ಪ್ರಾಂತ್ಯದ ಉಳಿದ ಕಡೆಗೂ ಹಬ್ಬಿದವು. ಖರೇದಿ ಪತ್ರವೆಂದು ಬರೆದಿದ್ದರೂ ಅಸಲಿಗೆ ಅದು ಸಾಲದ ಆಧಾರವೇ ಎಂದು ಬಾಯಿಸಾಕ್ಷ್ಯ ಪಡೆದು ತೀರ್ಮಾನಿಸುವ ಅಧಿಕಾರವನ್ನೂ ತಿದ್ದುಪಡಿಯೊಂದು ನ್ಯಾಯಾಲಯಗಳಿಗೆ ಕೊಟ್ಟಿತು. 92ನೇ ಕಲಮಿನ ಗೋಡೆಗೆ ರೈತನ ಮಟ್ಟಿಗೆ ಕಿಂಡಿ ಕೊರೆದಂತಾಯಿತು. ಮೈಸೂರು ಸಂಸ್ಥಾನ 1928ರಲ್ಲಿ ತನ್ನದೇ ಕೃಷಿಕರ ಪರಿಹಾರ ಕಾಯ್ದೆ ತಂದಿತು. 1929ರಲ್ಲಿ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿಗೆ ಒಂದು ಪರಂತುಕ ಸೇರಿತು: ಕ್ರಯದ ರೂಪದ ಆಧಾರವೆಂದು ವಾದಿಸಬೇಕಾದರೆ, ಹಣ ಕೊಟ್ಟಾಗ ಜಮೀನು ಹಿಂದಿರುಗುತ್ತದೆಂಬ ಷರತ್ತು ಕ್ರಯಪತ್ರದ ಒಳಗೇ ಇರಬೇಕು, ಬೇರೆ ಚೀಟಿಯಲ್ಲಿದ್ದರೆ ಸಾಲದು. ಇದನ್ನು ಸ್ಪಷ್ಟತೆಗಾಗಿ ತಂದ ಸುಧಾರಣೆಯೆಂದು ಹೊಗಳುವವರಿದ್ದಾರೆ. ಓದು ಬಲ್ಲ ವರ್ತಕನಿಗೆ ಅದು ಸ್ಪಷ್ಟತೆಯೇ. ಬೇರೆ ಚೀಟಿ ಕೊಟ್ಟಿದ್ದೇನೆ, ಹೆದರಬೇಡ ಎಂಬ ಮಾತು ನಂಬಿದ ರೈತನಿಗೆ ಮಾತ್ರ ಅದೇ ಪರಂತುಕ ಬಾಗಿಲು ಮುಚ್ಚಿತು. ಕಿಂಡಿ ಕೊರೆಯುವ ಕೈ ಒಂದು ಕಡೆ, ಅದಕ್ಕೆ ಗಾರೆ ಮೆತ್ತುವ ಕೈ ಇನ್ನೊಂದು ಕಡೆ.

ನ್ಯಾಯಾಲಯಗಳು ತಮ್ಮ ಮಟ್ಟಿಗೆ ಇನ್ನೊಂದು ದಾರಿ ಕಂಡುಕೊಂಡಿದ್ದವು. ಪರದೆಯ ಹಿಂದಿರುವ ಹೆಂಗಸರಿಂದ ಬರೆಸಿಕೊಂಡ ಪತ್ರಗಳ ವಿಚಾರದಲ್ಲಿ, ಪತ್ರವನ್ನು ಅವರಿಗೆ ಓದಿ ವಿವರಿಸಲಾಗಿತ್ತು, ಅವರಿಗೆ ಅದು ತಿಳಿದಿತ್ತು ಎಂದು ಬರೆಸಿಕೊಂಡವರೇ ಸಾಬೀತುಪಡಿಸಬೇಕು ಎಂಬ ತತ್ವವನ್ನು ಪ್ರೀವಿ ಕೌನ್ಸಿಲ್ ಬೆಳೆಸಿತು. ಅದು ಬರಬರುತ್ತ ಅಕ್ಷರ ಬಾರದವರಿಗೆ, ತೀರ ವಯಸ್ಸಾದವರಿಗೆ ಹರಡಿತು. ಸರಿಯಾದ ತತ್ವ, ಆದರೆ ಅದು ಅಪವಾದ. ತಾನು ದುರ್ಬಲ ಎಂದು ಮೊದಲು ತೋರಿಸಿಕೊಂಡವರಿಗೆ ಮಾತ್ರ ತಿಳಿವಳಿಕೆಯ ಹಕ್ಕು. ಮತ್ತೆ ಇದೆಲ್ಲ ಆಸ್ತಿ ಹೋದ ಮೇಲೆ, ದಾವೆ ಹೂಡಿದ ಮೇಲೆ. ಬಿಜಾಪುರದ ಕಡೆಯ ಮೊಕದ್ದಮೆಯೊಂದರಲ್ಲಿ, ಗಂಡ ಹೆಂಡತಿಯಿಂದ 1938ರಲ್ಲಿ ಬರೆಸಿಕೊಂಡ ದಾನಪತ್ರದ ಬಗ್ಗೆ ಸುಪ್ರೀಂ ಕೋರ್ಟು 1968ರಲ್ಲಿ ತೀರ್ಪು ಕೊಟ್ಟಿತು. ನಡುವೆ ಮೂವತ್ತು ವರ್ಷ. ಪತ್ರ ಯಾವ ಜಾತಿಯದು ಎಂಬುದರಲ್ಲೇ ಮೋಸ ಮಾಡಿದ್ದರೆ ಅದು ಮೊದಲಿಂದಲೇ ಅಸಿಂಧು. ಒಳಗಿನ ವಿವರದಲ್ಲಿ ಮೋಸವಾಗಿದ್ದರೆ ಮೋಸಹೋದವರು ರದ್ದುಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಪತ್ರ ನಿಲ್ಲುತ್ತದೆ ಎಂಬ ಭೇದವನ್ನು ಅದು ಎತ್ತಿಹಿಡಿಯಿತು. ಎರಡನೆಯ ಬಗೆಗೆ ಕಾಲಮಿತಿಯ ಗಡಿಯಾರ ಓಡತೊಡಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಭೇದ ಸೂಕ್ಷ್ಮವಾಗಿದೆ, ತರ್ಕಬದ್ಧವೂ ಆಗಿದೆ. ಯಾವ ಸರ್ವೆ ನಂಬರು ಒಳಗೆ ಸೇರಿದೆ ಎಂದು ಅಂದೇ ಯಾರಾದರೂ ಗಟ್ಟಿಯಾಗಿ ಓದಿ ಅರ್ಥ ಹೇಳಿದ್ದರೆ ಇಂಥ ಮೊಕದ್ದಮೆಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ.

1978ರಲ್ಲಿ ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ ಆ ಪರಭಾರೆಯೇ ಶೂನ್ಯ, ಜಮೀನು ಮರಳಿ ಮೂಲ ಮಂಜೂರುದಾರನಿಗೆ ಎಂದಿತು ಪಿಟಿಸಿಎಲ್ ಎಂದು ಎಲ್ಲರೂ ಕರೆಯುವ ಕಾಯ್ದೆ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬರೆದುಕೊಟ್ಟವರ ರುಜು ಇದೆ, ನೋಂದಣಿಯಾಗಿದೆ, ಓದಿಸಿ ಕೇಳಿ ಒಪ್ಪಿದ್ದೇನೆಂಬ ಒಕ್ಕಣೆಯೂ ಇದೆ. ಆದರೂ ಅದನ್ನು ಒಪ್ಪಿಗೆಯೆಂದು ನಂಬುವುದಿಲ್ಲ ಎಂದು ರಾಜ್ಯವೇ ಹೇಳಿದ ಹಾಗೆ. ಇದಕ್ಕೆ ಕೊಳ್ಳುವವರ ಕಡೆಯಿಂದ ಬರುವ ಆಕ್ಷೇಪ ಬಲವಾದದ್ದು: ಎರಡು ಮೂರು ಕೈ ದಾಟಿ ಬಂದ ಜಮೀನನ್ನು ಹಣ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನು ದಶಕಗಳ ಮೇಲೆ ಕಳೆದುಕೊಳ್ಳುವುದು ಯಾವ ನ್ಯಾಯ? ನ್ಯಾಯವಲ್ಲದಿರಬಹುದು. ಆದರೆ ಮೂಲಪತ್ರದಲ್ಲಿ ‘ಮಂಜೂರು’ ಎಂಬ ಪದ ಕಂಡಾಗ ಅದರ ಅರ್ಥವೇನೆಂದು ಆ ಕೊಳ್ಳುವವನಿಗೂ ಯಾರೂ ಹೇಳಿರಲಿಲ್ಲ. ಮಾರಿದವನಿಗೆ ತಿಳಿಸದೆ ಹೋದ ತಪ್ಪನ್ನು ಕೊಂಡವನಿಗೆ ತಿಳಿಸದೆ ಹೋದ ತಪ್ಪಿನಿಂದ ತೀರಿಸಿದ್ದು ಇದು.

ಹಾಗಾದರೆ ಇಷ್ಟು ಕಾಲ ಜನ ಯಾರ ಮಾತು ಕೇಳಿಕೊಂಡು ರುಜು ಹಾಕಿದರು? ಪತ್ರ ಬರಹಗಾರನ ಮಾತು. ತಾಲ್ಲೂಕು ಕಚೇರಿಯ ಆವರಣದಲ್ಲಿ, ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು, ಮೇಜು, ಪೆಟ್ಟಿಗೆ, ಛಾಪಾ ಕಾಗದ, ಶಾಯಿಪ್ಯಾಡು ಇಟ್ಟುಕೊಂಡು ಕುಳಿತಿದ್ದ ಈ ಮನುಷ್ಯನ ಬಗ್ಗೆ ನಮ್ಮ ಇತಿಹಾಸಕಾರರು ಬರೆದದ್ದು ತೀರ ಕಡಿಮೆ. ಚಕ್ಕುಬಂದಿ ಸರಿಯಿದೆಯೇ, ಖರಾಬು ಎಷ್ಟು ಗುಂಟೆ, ಪಹಣಿಯಲ್ಲಿರುವ ಹೆಸರೇ ಪತ್ರದಲ್ಲಿದೆಯೇ, ಹೆಣ್ಣುಮಕ್ಕಳ ರುಜು ಬೇಕೇ, ಮೈನರ್ ಪಾಲಿದೆಯೇ ಎಂದು ಕೇಳುತ್ತಿದ್ದವನು ಅವನು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಶಾನುಭೋಗಿಕೆ ಮುಗಿದ ಮೇಲಂತೂ ಹಳ್ಳಿಯ ಜನಕ್ಕೂ ಕಾಗದಕ್ಕೂ ನಡುವೆ ಉಳಿದವನು ಅವನೊಬ್ಬನೇ. ಎಷ್ಟೋ ಸಂಸಾರಗಳ ಹೊಲ ಅವನ ಒಂದು ಪ್ರಶ್ನೆಯಿಂದ ಉಳಿದಿರಬೇಕು. ಆದರೆ ಅವನಿಗೆ ಹಣ ಕೊಡುತ್ತಿದ್ದವರು ಯಾರು? ಕ್ರಯಪತ್ರದ ಮುದ್ರಾಂಕದ ಖರ್ಚು ಕೊಳ್ಳುವವರದು ಎಂಬುದು ಕಾನೂನೂ ಹೌದು, ರೂಢಿಯೂ ಹೌದು. ಬರವಣಿಗೆಯ ಖರ್ಚೂ ಅದರ ಹಿಂದೆಯೇ ಹೋಯಿತು. ಹಾಗಾಗಿ ಮಾರುವವನಿಗೆ ಪತ್ರ ಓದಿ ಹೇಳುತ್ತಿದ್ದವನು ಕೊಳ್ಳುವವನ ಕಡೆಯವನಾದ. ಉಭಯರೂ ಕೇಳಿಕೊಂಡಿದ್ದರಿಂದ ಬರೆದೆ ಎಂಬ ಮಿತಾಕ್ಷರಾದ ಬರಹಗಾರ ಇಲ್ಲಿ ಮಾಯವಾಗಿದ್ದಾನೆ. ಒಳ್ಳೆಯವನು ಸಿಕ್ಕರೆ ಪುಣ್ಯ ಎಂಬಷ್ಟಕ್ಕೆ ವ್ಯವಸ್ಥೆ ನಿಂತಿತು.

ಫ್ಲ್ಯಾಟುಗಳ ಕಾಲ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಈಗ ಪತ್ರ ಮಾಡಿಸುವವನು ಮಾರುವವನು, ಅಂದರೆ ಬಿಲ್ಡರ್. ಖರ್ಚು ಕೊಳ್ಳುವವನದೇ, ಕರಾರು ಮಾತ್ರ ಬಿಲ್ಡರನ ವಕೀಲರದು. ಕರ್ನಾಟಕ 1972ರಷ್ಟು ಹಿಂದೆಯೇ ಒಂದು ಕಾಯ್ದೆ ಮಾಡಿ, ಮುಂಗಡ ತೆಗೆದುಕೊಳ್ಳುವ ಮೊದಲು ಲಿಖಿತ ಕರಾರು ಮಾಡಿ ನೋಂದಾಯಿಸಬೇಕು, ಜಮೀನಿನ ಹಕ್ಕಿನ ಕಾಗದಗಳನ್ನು ತೋರಿಸಬೇಕು ಎಂದಿತ್ತು. ಬೆಂಗಳೂರು ಅದನ್ನು ಮರೆತೇ ಬೆಳೆಯಿತು. ರೆವಿನ್ಯೂ ನಿವೇಶನಗಳು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ಕೈಬದಲಾದವು; ಜಿಪಿಎಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಖಡಾಖಂಡಿತವಾಗಿ ಹೇಳುವ ಹೊತ್ತಿಗೆ ಆ ನಿವೇಶನಗಳಲ್ಲಿ ಮನೆಗಳೆದ್ದು ಗೃಹಪ್ರವೇಶಗಳಾಗಿದ್ದವು. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಬಂದ 2016ರ ರೇರಾ ಕಾಯ್ದೆ ಮತ್ತೆ ಅದೇ ಮಾತು ಹೇಳಿತು: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಕರಾರಿನಲ್ಲಿ ಕೊಳ್ಳುವವನು ಕಂತು ತಡಮಾಡಿದರೆ ಶೇ. 18 ಬಡ್ಡಿ, ಬಿಲ್ಡರನ ಕಡೆಯಿಂದ ಬರುವುದಾದರೆ ಶೇ. 9. ಇಂಥ ಏಕಪಕ್ಷೀಯ ಷರತ್ತಿಗೆ ಕೊಂಡವನ ರುಜುವಿದ್ದರೂ ಅದು ಅವನನ್ನು ಕಟ್ಟಿಹಾಕಲಾರದು ಎಂದಿತು ನ್ಯಾಯಾಲಯ. ಬೇರೆ ದಾರಿಯಿಲ್ಲದೆ ಚುಕ್ಕೆ ಗೆರೆಯ ಮೇಲೆ ಹಾಕಿದ ರುಜು ಅದು ಎಂಬುದು ಅದರ ತರ್ಕ.

ಇಂದು ಫ್ಲ್ಯಾಟು ಕೊಳ್ಳುವವರು ಇಂಜಿನಿಯರುಗಳು, ಡಾಕ್ಟರುಗಳು. ಅವರಿಗೆ ಓದಿ ಹೇಳುವುದೇನು ಬಂತು ಎಂದು ಕೇಳಬಹುದು. ಪುಟಗಟ್ಟಲೆ ಇಂಗ್ಲಿಷ್ ಕರಾರನ್ನು ಇಂಗ್ಲಿಷ್ ಬಲ್ಲವರು ಓದಬಲ್ಲರು, ಹೌದು. ಆದರೆ ಹಂಚಿಕೆಯಾಗದ ಭೂಭಾಗ ಎಷ್ಟು ಚದರಡಿ, ಅದು ಮುಂದಿನ ಹಂತದಲ್ಲಿ ಕಟ್ಟಡ ಏರಿದಾಗ ಕುಗ್ಗುತ್ತದೆಯೇ, ಪಾರ್ಕಿಂಗ್ ಜಾಗ ಮಾರಿದ್ದೇ ಅಥವಾ ಬಳಸಲು ಬಿಟ್ಟದ್ದೇ ಎಂಬುದು ಅಕ್ಷರಜ್ಞಾನದಿಂದ ತಿಳಿಯುವಂಥದ್ದಲ್ಲ. ಶಾಸನಕಾರ ಎಲ್ಲೆಯ ಭಾಗಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತಿದ್ದ. ನಮ್ಮ ಕರಾರುಗಳು ಎಲ್ಲರಿಗೂ ತಿಳಿಯಬೇಕಾದ ಆ ಭಾಗಕ್ಕೆ ಬಂದಾಗಲೇ ಹೆಚ್ಚು ಬಿಗಿಯಾಗುತ್ತವೆ. ಇನ್ನೊಂದು ಆಕ್ಷೇಪ ವ್ಯಾಪಾರಿಗಳದು: ತಿಳಿಯಲಿಲ್ಲ ಎಂದ ಮಾತ್ರಕ್ಕೆ ರುಜು ಸಡಿಲವಾದರೆ ಯಾರು ಯಾರನ್ನು ನಂಬಿ ವ್ಯವಹಾರ ಮಾಡಬೇಕು? ನನ್ನ ವಾದಕ್ಕೆ ಇದು ವಿರೋಧವೇ ಅಲ್ಲ. ರುಜುವನ್ನು ಸಡಿಲಗೊಳಿಸಿರುವುದು 1978ರ ಕಾಯ್ದೆ, 2019ರ ತೀರ್ಪಿನಂಥ ಹಿಂದಿನಿಂದ ಬಂದ ಪರಿಹಾರಗಳು. ಅವು ಬೇಕಾದದ್ದು ರುಜುವಿಗೆ ಮೊದಲಿನ ಕೆಲಸ ನಡೆಯದ್ದಕ್ಕೆ. 1879ರ ಗ್ರಾಮ ರಿಜಿಸ್ಟ್ರಾರ್ ಗಟ್ಟಿಯಾಗಿ ಓದಿದ ಪತ್ರದ ಮೇಲಿನ ರುಜು ಸಡಿಲವಾಗುವ ಬದಲು ಗಟ್ಟಿಯಾಗುತ್ತಿತ್ತು. ಕೇಳಿಲ್ಲ ಎಂದು ಆಮೇಲೆ ಹೇಳಲು ಯಾರಿಗೂ ಬಾಯಿರುತ್ತಿರಲಿಲ್ಲ.

ಈಚಿನ ಬದಲಾವಣೆಗಳು ಯಾವ ಕಡೆಗೆ ಹೋಗುತ್ತಿವೆಯೆಂದರೆ, 2001ರ ತಿದ್ದುಪಡಿಯಿಂದ ನೋಂದಣಿ ಕಾಯ್ದೆಗೆ 32ಎ ಕಲಮು ಸೇರಿ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯವಾದವು. ಭೂಮಿ ತಂತ್ರಾಂಶ 2000ದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. 2023ರ ನೋಂದಣಿ ತಂತ್ರಾಂಶ ಕಾವೇರಿ 2.0 ಕರಡು ಪತ್ರವನ್ನು ಮನೆಯಿಂದಲೇ ಕಳಿಸಿ, ಪರಿಶೀಲನೆಯಾದ ಮೇಲೆ ಸಮಯ ಗೊತ್ತುಮಾಡಿಕೊಂಡು ಕಚೇರಿಗೆ ಹೋಗುವಂತೆ ಮಾಡಿತು. ಎದುರಿಗೆ ನಿಂತವರು ಅವರೇ ಹೌದೇ ಎಂಬ 1864ರ ಪ್ರಶ್ನೆಗೆ ನಾವು ಈಗ ಹಿಂದೆಂದಿಗಿಂತ ನಿಖರವಾಗಿ ಉತ್ತರ ಪಡೆಯುತ್ತೇವೆ. 45 ಲಕ್ಷ ರೂಪಾಯಿ ಮೀರಿದ ಸ್ವತ್ತಿಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ ಎಂದು ಸರ್ಕಾರ ತೆಗೆದುಕೊಳ್ಳುವ ಹಣದಲ್ಲಿ, ಮೊದಲೇ ಕೈಸೇರಿದ ಆ ಕರಡನ್ನು ಬರೆದುಕೊಡುವವರಿಗೂ ಬರೆಸಿಕೊಳ್ಳುವವರಿಗೂ ಅವರ ಭಾಷೆಯಲ್ಲಿ ಓದಿ ಹೇಳಲು, ಕೇಳಿದ ಪ್ರಶ್ನೆಗೆ ಉತ್ತರ ಕೊಡಲು, ಇಬ್ಬರಿಗೂ ಸೇರದ ಒಬ್ಬ ನೌಕರನನ್ನು ಪ್ರತಿ ಕಚೇರಿಯಲ್ಲಿ ಕೂರಿಸುವುದು ಭಾರವಾಗಲಾರದು. ಬೆರಳಚ್ಚು ಹಿಡಿಯುವ ಯಂತ್ರದ ಪಕ್ಕದಲ್ಲೇ ಅವನ ಓದನ್ನೂ ಅವರ ಪ್ರಶ್ನೆಗಳನ್ನೂ ದಾಖಲಿಸಿ ಪತ್ರದ ಜೊತೆಗೆ ಇಡಬಹುದು. ಆಗ ಕೊನೆಯ ಒಕ್ಕಣೆಯನ್ನು ಪತ್ರದಿಂದ ತೆಗೆದುಹಾಕಿದರೂ ನಷ್ಟವಿಲ್ಲ.